ನಮ್ಮ ಹಿತ್ತಲಿನ ಪ್ರೇರಿ ಹೂವು

ಶಿಕಾಗೊ ಪಕ್ಕದ ನಮ್ಮ ಊರಲ್ಲಿ ಜುಲೈ ಬಂತೆಂದರೆ ಹಿತ್ತಲ ತುಂಬಾ ತಿಳಿ ನೇರಳೆ ಹೂವು. ವೈಲ್ಡ್ ಬರ್ಗಮಾಟ್ ಅಂತ ಹೆಸರು, ಬೀ ಬಾಮ್ ಅಂತಲೂ ಕರೆಯುತ್ತಾರೆ. ಈ ನೆಲದ್ದೇ ಕಾಡುಹೂವು. ಎಲೆ ಕಿವುಚಿ ಮೂಸಿದರೆ ಥೇಟ್ ದೊಡ್ಡಪತ್ರೆ, ಜೊತೆಗೆ ಸ್ವಲ್ಪ ಓಮದ ಘಾಟು. ತುಳಸಿ, ದೊಡ್ಡಪತ್ರೆ, ಪುದೀನ ಎಲ್ಲ ಇದರ ನೆಂಟರೇ. ಕಾಂಡ ಮುಟ್ಟಿದರೆ ನಾಲ್ಕು ಮೂಲೆ ಕೈಗೆ ಸಿಗುತ್ತವೆ. ಈ ಘಾಟಿಗೆ ಮೊಲ, ಜಿಂಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ನಮ್ಮ ರಾಜ್ಯ ಇಲಿನಾಯ್‌ಗೆ ‘ಪ್ರೇರಿ ಸ್ಟೇಟ್’, ಅಂದರೆ ಹುಲ್ಲುಗಾವಲಿನ ರಾಜ್ಯ, ಅಂತಲೇ ಅಡ್ಡಹೆಸರು. ಒಂದು ಕಾಲಕ್ಕೆ ಇಲ್ಲೆಲ್ಲ ಆಳೆತ್ತರದ ಹುಲ್ಲು, ನಡುನಡುವೆ ಇಂಥ ಹೂವು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಇದೇ ರಾಜ್ಯದಲ್ಲಿ ಉಕ್ಕಿನ ನೇಗಿಲು ಮಾಡಿದ. ಇಲ್ಲಿನ ಜಿಗುಟು ಮಣ್ಣು ಅದಕ್ಕೆ ಮೆತ್ತಿಕೊಳ್ಳುತ್ತಿರಲಿಲ್ಲ. ಆಮೇಲೆ ಹುಲ್ಲುಗಾವಲೆಲ್ಲ ಮೆಕ್ಕೆಜೋಳ, ಸೋಯಾ ಹೊಲವಾಯಿತು. ಹಳೆಯ ಪ್ರೇರಿ ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ನೆನೆದರೆ ಸಂಕಟವಾಗುತ್ತದೆ. ಜೋಲಿಯೆಟ್ ಹತ್ತಿರ ಮದ್ದುಗುಂಡಿನ ಕಾರ್ಖಾನೆ ಇದ್ದ ಜಾಗವನ್ನು ಈಗ ಮತ್ತೆ ಪ್ರೇರಿ ಮಾಡುತ್ತಿದ್ದಾರೆ. ಮಿಡೇವಿನ್ ಅಂತ ಹೆಸರು. ಈ ಕಡೆ ಬಂದರೆ ಖಂಡಿತ ನೋಡಿ.

ಹೂವಿನ ವಿಷಯಕ್ಕೆ ಬರುತ್ತೇನೆ. ದೂರದಿಂದ ಒಂದೇ ಹೂವು ಅನಿಸುತ್ತದೆ. ಬಗ್ಗಿ ನೋಡಿದರೆ ಹತ್ತಾರು ಸಣ್ಣ ಕೊಳವೆಗಳ ಗೊಂಚಲು. ಮೊದಲು ನಡುವಿನವು ಅರಳುತ್ತವೆ, ಆಮೇಲೆ ಸುತ್ತಲಿನವು. ಮಕರಂದ ಇರುವುದು ಕೊಳವೆಯ ತಳದಲ್ಲಿ. ಉದ್ದ ನಾಲಿಗೆ ಇದ್ದವರಿಗೆ ಮಾತ್ರ ಸುಲಭವಾಗಿ ಎಟುಕುತ್ತದೆ. ಹಾಗಾಗಿ ಚಿಟ್ಟೆ, ದೊಡ್ಡ ದುಂಬಿ, ಹಮ್ಮಿಂಗ್‌ಬರ್ಡ್ ಬರುತ್ತವೆ. ಇಲ್ಲಿ ಬರುವ ಕೆಂಪು ಕೊರಳಿನ ಹಮ್ಮಿಂಗ್‌ಬರ್ಡ್ ತೂಗುವುದು 3 ಗ್ರಾಂ ಆಸುಪಾಸು ಅಷ್ಟೇ. ಗಾಳಿಯಲ್ಲೇ ನಿಂತು ಕೊಕ್ಕು ತೂರಿಸುತ್ತದೆ, ತಿರುಗದೆ ಹಿಂದಕ್ಕೇ ಹಾರಿ ಪಕ್ಕದ ಕೊಳವೆಗೆ ಹೋಗುತ್ತದೆ. ಚಳಿಗಾಲಕ್ಕೆ ಮೆಕ್ಸಿಕೊ, ಮಧ್ಯ ಅಮೆರಿಕದ ತನಕ ಹಾರಬೇಕು. ಹೊರಡುವ ಮೊದಲು ಚೆನ್ನಾಗಿ ತಿಂದು ಮೈ ತುಂಬಿಸಿಕೊಳ್ಳಬೇಕು. ಇಲ್ಲಿ ತುಂಬಾ ಜನ ಸಕ್ಕರೆ ನೀರಿನ ಬಾಟಲಿ ತೂಗುಹಾಕುತ್ತಾರೆ. ನನಗೆ ಗಿಡವೇ ಇಷ್ಟ. ಈ ಹಕ್ಕಿಗೂ ಮರಿಗೂ ಸಣ್ಣ ಹುಳಗಳೂ ಬೇಕು, ಅವು ಬಾಟಲಿಯಲ್ಲಿ ಸಿಗುವುದಿಲ್ಲ ಅಲ್ವಾ?

ಬೆಳೆಸುವುದು ಕಷ್ಟವಿಲ್ಲ. ಬಿಸಿಲು ಬೀಳುವ ಜಾಗದಲ್ಲಿ, ಹಿಮ ಬರುವ ಮೊದಲು ಬೀಜ ಉದುರಿಸಿ ಅಂಗೈಯಲ್ಲಿ ಒತ್ತಿದರೆ ಸಾಕು. ತೀರಾ ಸಣ್ಣ ಬೀಜ, ಆಳಕ್ಕೆ ಹೂಳಬಾರದು. ಮೊದಲ ವರ್ಷ ಹೆಚ್ಚಾಗಿ ಬರೀ ಎಲೆ, ಮರುವರ್ಷ ಹೂವು. ಒತ್ತೊತ್ತಾಗಿ ಬಿಟ್ಟರೆ ಬೂದಿ ರೋಗ ಬರುತ್ತದೆ.

“ಬರುವಾಗ ನಮಗೂ ನಾಲ್ಕು ಬೀಜ ತಾರೋ” ಅಂತ ಅತ್ತೆ ಫೋನಲ್ಲಿ ಹೇಳುತ್ತಿರುತ್ತಾರೆ. ತರುವುದಿಲ್ಲ ಅತ್ತೆ, ಬೇಜಾರು ಮಾಡ್ಕೋಬೇಡಿ. ಹೊರದೇಶದ ಬೀಜವನ್ನು ಸುಮ್ನೆ ಚೀಲದಲ್ಲಿ ಹಾಕಿಕೊಂಡು ಬರುವಂತಿಲ್ಲ. ಹಮ್ಮಿಂಗ್‌ಬರ್ಡ್ ಕೂಡ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಿಮ್ಮ ಅಂಗಳಕ್ಕೆ ಬರುವುದು ಸೂರಕ್ಕಿ. ಅದಕ್ಕೂ ಚಿಟ್ಟೆಗಳಿಗೂ ನಮ್ಮದೇ ಕೇಪಳ ಇದೆಯಲ್ಲ. ಬೇಲಿ ಸವರುವಾಗ ಅದನ್ನು ಕಡಿಸಬೇಡಿ. ಈ ಮಳೆಗಾಲದಲ್ಲಿ ಇನ್ನೆರಡು ಗೆಲ್ಲು ನೆಟ್ಟುಬಿಡಿ.