ಭಾವನ ಅಡಿಕೆ ಅಂಗಡಿಗೆ ಒಂದೇ ಲಾಗಿನ್: ಏಳು ವಾರದ ಕಥೆ

ಕಾಸರಗೋಡಿನ ಬದಿಯಡ್ಕದಲ್ಲಿ ಭಾವನ ಅಡಿಕೆ ಅಂಗಡಿ, ಪೆರ್ಲದಲ್ಲಿ ಇನ್ನೊಂದು ಸಣ್ಣ ಕೋಣೆ. ಒಟ್ಟು ಆರು ಜನ. ಚಾಲಿ, ಪಟೋರ, ಕರಿಗೋಟು ಅಂತ ಬಗೆಬಗೆಯ ಅಡಿಕೆಯ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿ. ಪಾಸ್‌ವರ್ಡ್ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿಯ ಪಕ್ಕ. ಎಲ್ಲರಿಗೂ ಒಂದೇ. ಕೆಲಸ ಬಿಟ್ಟು ಮಂಗಳೂರಿಗೆ ಹೋಗಿ ವರ್ಷವಾದ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣಾ, ಸ್ಟಾಕ್ ಶೀಟಲ್ಲಿ ಹಳೆ ಅಡಿಕೆ ಎರಡು ಸಲ ಬಂದಿದೆ, ನೋಡಿ" ಅಂದ. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ಭಾವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ವಾರಾಂತ್ಯಕ್ಕೊಂದು ಕೆಲಸ ಸಿಕ್ಕಿತು.

1–2ನೇ ವಾರ
ಹಳೆಯ ಮಿನಿ ಪಿಸಿಯಲ್ಲಿ ಕೀಕ್ಲೋಕ್ ಹಾಕಿದೆ. 2014ರಿಂದ ಇರುವ ಓಪನ್ ಸೋರ್ಸ್ ಲಾಗಿನ್ ತಂತ್ರಾಂಶ: ಒಬ್ಬೊಬ್ಬರಿಗೂ ಅವರದೇ ಖಾತೆ, ಒಮ್ಮೆ ಲಾಗಿನ್ ಆದರೆ ಜೋಡಿಸಿದ ಆ್ಯಪ್ ಎಲ್ಲ ತೆರೆಯುತ್ತದೆ. ಜಾವಾ ಮೇಲೆ ಓಡುವುದರಿಂದ ಮೆಮೊರಿ ಜಾಸ್ತಿ ತಿನ್ನುತ್ತದೆ.

ಭಾವನಿಗೆ ವಿವರಿಸಿದ್ದು ಹೀಗೆ: ತೂಕದವನು ಚೀಟಿ ಬರೆದು ಸೈನ್ ಹಾಕುತ್ತಾನೆ. ಕ್ಯಾಶಿನಲ್ಲಿ ಕೂತವನು ಮತ್ತೆ ಗೋಣಿ ತೂಗುವುದಿಲ್ಲ, ಸೈನ್ ನೋಡಿ ಹಣ ಕೊಡುತ್ತಾನೆ. ಇಲ್ಲಿ ಕೀಕ್ಲೋಕ್ ತೂಕದವನು. ಬಿಲ್ಲಿನ ಇಆರ್‌ಪಿನೆಕ್ಸ್ಟ್, ಸ್ಟಾಕ್ ಶೀಟಿನ ನೆಕ್ಸ್ಟ್‌ಕ್ಲೌಡ್ ಎರಡೂ ಕ್ಯಾಶಿನವರು. ಪಾಸ್‌ವರ್ಡ್ ಅವರ ಕೈಗೆ ಹೋಗುವುದೇ ಇಲ್ಲ. ಈ ಚೀಟಿ ವ್ಯವಹಾರಕ್ಕೆ ಓಪನ್‌ಐಡಿ ಕನೆಕ್ಟ್ ಅಂತ ಹೆಸರು. "ಸೈನ್ ಫೋರ್ಜರಿ ಮಾಡಿದರೆ?" ಅಂತ ಭಾವ ಕೇಳಿದ. ವ್ಯಾಪಾರಿ ಅಲ್ವಾ! ಗುಟ್ಟಿನ ಕೀಲಿ ಕೀಕ್ಲೋಕ್ ಹತ್ತಿರ ಮಾತ್ರ ಇರುತ್ತದೆ, ಬೇರೆಯವರಿಗೆ ಸೈನ್ ಪರೀಕ್ಷಿಸಲು ಬರುತ್ತದೆ, ಹಾಕಲು ಬರುವುದಿಲ್ಲ ಅಂದೆ.

3ನೇ ವಾರ
ಲಾಗಿನ್ ಮಾಡಹೋದರೆ ರೀಡೈರೆಕ್ಟ್ ಯುಆರ್‌ಐ (ಲಾಗಿನ್ ಆದವರನ್ನು ಆ್ಯಪ್‌ಗೆ ವಾಪಸ್ ಕಳಿಸುವ ವಿಳಾಸ) ತಪ್ಪು ಎಂಬ ಒಂದೇ ಸಾಲು. ಎರಡು ಸಂಜೆ ಹೋಯಿತು. ಕೊನೆಗೆ ನೋಡಿದರೆ ಒಂದು ಕಡೆ ಎಚ್‌ಟಿಟಿಪಿ, ಇನ್ನೊಂದು ಕಡೆ ಎಚ್‌ಟಿಟಿಪಿಎಸ್. ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ದಾಟಿಸುವ ಪ್ರಾಕ್ಸಿ ಹೇಳಿದ್ದನ್ನು ಹಿಂದಿದ್ದ ತಂತ್ರಾಂಶ ನಂಬುತ್ತಿರಲಿಲ್ಲ, ಅಷ್ಟೆ.

4ನೇ ವಾರ
ಒಂದೇ ಕೀಲಿಗೆ ಎಲ್ಲ ಬಾಗಿಲೂ ತೆರೆಯುತ್ತದೆ ಎಂದರೆ ಆ ಕೀಲಿ ಗಟ್ಟಿ ಇರಬೇಕು. ಪಾಸ್‌ವರ್ಡ್ ಆದ ಮೇಲೆ ಒಂದು ಕೋಡ್ ಕೇಳುವ ಎರಡನೇ ಹಂತ ಕಡ್ಡಾಯ ಮಾಡಿದೆ. ಎಸ್‌ಎಂಎಸ್ ಬೇಡ ಅಂದೆ, ಪೆರ್ಲದ ಕೋಣೆಯೊಳಗೆ ಸಿಗ್ನಲ್ ಬರುವುದೇ ಅಪರೂಪ. ಆಥೆಂಟಿಕೇಟರ್ ಆ್ಯಪ್‌ಗೆ ಸಿಗ್ನಲ್ ಬೇಕಿಲ್ಲ. ಒಂದು ಗುಟ್ಟಿನ ಸಂಖ್ಯೆ ಮತ್ತು ಈಗಿನ ಸಮಯ ಸೇರಿಸಿ 30 ಸೆಕೆಂಡಿಗೊಂದು ಕೋಡ್ ಲೆಕ್ಕ ಹಾಕುತ್ತದೆ.

ಸಮಯ ಅಂದೆನಲ್ಲ, ಅಲ್ಲೇ ಎಡವಿದ್ದು. ಗುಡುಗು ಮಳೆಗೆ ಕರೆಂಟ್, ಇಂಟರ್ನೆಟ್ ಎರಡೂ ಹೋದವು. ಇನ್ವರ್ಟರ್ ಸಾಕಾಗಲಿಲ್ಲ. ಕರೆಂಟ್ ಬಂದ ಮೇಲೆ ಯಾರ ಕೋಡೂ ನಡೆಯಲಿಲ್ಲ. ಮಿನಿ ಪಿಸಿಯೊಳಗಿನ ಬಟನ್ ಬ್ಯಾಟರಿ ಸತ್ತಿತ್ತು, ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು, ಸರಿಪಡಿಸಲು ಇಂಟರ್ನೆಟ್ಟೂ ಇರಲಿಲ್ಲ. ಅಂಗಡಿಯ ಮುಂದೆ ಎರಡು ಜೀಪು ಅಡಿಕೆ. ಅಂದು ಲೆಕ್ಕವೆಲ್ಲ ಪುಸ್ತಕದಲ್ಲೇ ಬರೆದರು. ಸಣ್ಣ ಬ್ಯಾಟರಿಯೊಂದರಿಂದ ಭಾವನ ಮುಂದೆ ನನ್ನ ಮರ್ಯಾದೆ ಹೋಯಿತು.

5ನೇ ವಾರ
ಲಾಗಿನ್ ಪುಟಕ್ಕೆ ಕನ್ನಡ ಹಾಕಿದೆ. ಥೀಮ್‌ನೊಳಗೆ ಒಂದು ಸಂದೇಶಗಳ ಫೈಲ್ ಬರೆದು, ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೆ ಆಯಿತು. "ಪ್ರವೇಶಿಸಿ" ಅಂತ ಬರೆದು ನೋಡಿದೆ, ತಾಲೂಕು ಆಫೀಸಿನ ಬೋರ್ಡಿನಂತಿತ್ತು. "ಒಳಗೆ ಬನ್ನಿ" ಅಂತ ಬದಲಿಸಿದೆ. ತೂಕದ ಹುಡುಗ ಓದಿದ್ದು ಮಲಯಾಳದಲ್ಲಿ, ಅವನಿಗೆ ಮಲಯಾಳದ ಪುಟವೂ ಆಯಿತು. "ತುಳುವಿನಲ್ಲಿ ಉಲಾಯಿ ಬಲೆ ಅಂತಲೂ ಹಾಕಬಹುದಿತ್ತು" ಎಂದು ಭಾವನ ತಕರಾರು.

6ನೇ ವಾರ
ನಿಜವಾದ ಪರೀಕ್ಷೆ. ಕೆಲಸ ಬಿಟ್ಟ ಹುಡುಗನಂತೆ ಒಂದು ಖಾತೆ ಮಾಡಿ, ಕೀಕ್ಲೋಕ್‌ನಲ್ಲಿ ಅದನ್ನು ನಿಲ್ಲಿಸಿದೆ. ಹೊಸ ಲಾಗಿನ್ ಆಗಲಿಲ್ಲ, ಖುಷಿಯಾಯಿತು. ಆದರೆ ಮೊದಲೇ ತೆರೆದಿದ್ದ ಫೋನಿನಲ್ಲಿ ಸ್ಟಾಕ್ ಶೀಟ್ ಆರಾಮಾಗಿ ಕಾಣುತ್ತಿತ್ತು! ಚೀಟಿ ಒಮ್ಮೆ ನೋಡಿದ ಆ್ಯಪ್ ತನ್ನದೇ ಸೆಷನ್ (ಇವನು ಒಳಗೆ ಬಂದಾಗಿದೆ ಎಂಬ ಗುರುತು) ಇಟ್ಟುಕೊಳ್ಳುತ್ತದೆ. ಮತ್ತೆ ತೂಕದವನನ್ನು ಕೇಳುವುದಿಲ್ಲ. ಬ್ಯಾಕ್‌ಚಾನೆಲ್ ಲಾಗೌಟ್ ಜೋಡಿಸಿದ ಮೇಲೆ, ಸೆಷನ್ ಮುಗಿಸಿದರೆ ಕೀಕ್ಲೋಕ್ ತಾನೇ ನೆಕ್ಸ್ಟ್‌ಕ್ಲೌಡ್‌ಗೆ ತಿಳಿಸುತ್ತದೆ. ಇದನ್ನು ನೋಡದೆ ಬಿಟ್ಟಿದ್ದರೆ ಆರು ವಾರದ ಕೆಲಸ ಸುಮ್ನೆ ಶೋಕಿಯಾಗುತ್ತಿತ್ತು.

7ನೇ ವಾರ
ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ಇದರೊಳಗೆ ಬರುವುದಿಲ್ಲ. ಅವಕ್ಕೆ ಪಾಸ್‌ವರ್ಡ್ ಮ್ಯಾನೇಜರ್. ತುರ್ತಿಗೆಂದು ಇಟ್ಟ ಅಡ್ಮಿನ್ ಪಾಸ್‌ವರ್ಡ್ ಲಕೋಟೆಯಲ್ಲಿ, ಲಕೋಟೆ ತಿಜೋರಿಯಲ್ಲಿ. ಬಟನ್ ಬ್ಯಾಟರಿ ಹೊಸತು.

ಮುಂದಿನ ಭಾನುವಾರ ಪೆರ್ಲ. ಅಲ್ಲಿನ ಹಿರಿಯರ ಹತ್ತಿರ ಇರುವುದು ಬಟನ್ ಫೋನ್, ಆ್ಯಪ್ ನಡೆಯುವುದಿಲ್ಲ. ಅವರ ಬೀಗದ ಕೈ ಗೊಂಚಲಿಗೇ ಒಂದು ಯುಎಸ್‌ಬಿ ಕೀ (ಕೋಡ್ ಬದಲು ಕಂಪ್ಯೂಟರಿಗೆ ಚುಚ್ಚುವ ಕೀಲಿ) ಪೋಣಿಸಿ ನೋಡಬೇಕು.