ಯುದ್ಧಕಾಲದ ಬೆಳ್ಳಿ ರೂಪಾಯಿಯನ್ನು ಪರೀಕ್ಷಿಸುವ ಬಗೆ

ಆರನೇ ಜಾರ್ಜ್ ದೊರೆಯ ಮುಖವಿರುವ ಬೆಳ್ಳಿ ರೂಪಾಯಿಗಳಲ್ಲಿ ಎರಡು ಬಗೆಗಳಿವೆ. ಎರಡರ ತೂಕವೂ 11.66 ಗ್ರಾಂ ಆಗಿರುವುದರಿಂದ ತಕ್ಕಡಿಯೊಂದನ್ನೇ ನಂಬಿದವರು ಮೋಸ ಹೋಗುತ್ತಾರೆ. 1938 ಮತ್ತು 1939ರ ನಾಣ್ಯಗಳಲ್ಲಿ ಶೇ 91.7ರಷ್ಟು ಬೆಳ್ಳಿಯಿದೆ. ಎರಡನೇ ಮಹಾಯುದ್ಧದ ಆತಂಕದಲ್ಲಿ ಜನರು ಬೆಳ್ಳಿ ನಾಣ್ಯಗಳನ್ನು ಕೂಡಿಡತೊಡಗಿದಾಗ, ಸರ್ಕಾರವು 1940ರಲ್ಲಿ ಒಂದು ರೂಪಾಯಿಯ ನೋಟನ್ನು ಹೊರಡಿಸಿತು, ರೂಪಾಯಿ ನಾಣ್ಯದ ಬೆಳ್ಳಿಯನ್ನೂ ಶೇ 50ಕ್ಕೆ ಇಳಿಸಿತು. ಉಳಿದದ್ದು ಶೇ 40ರಷ್ಟು ತಾಮ್ರ, ತಲಾ ಶೇ 5ರಷ್ಟು ನಿಕ್ಕಲ್ ಮತ್ತು ಸತು.

ಲೋಹವನ್ನು ತಿಳಿಯಲು ನಾನು ನೆಚ್ಚುವುದು ಸಾಂದ್ರತೆಯನ್ನು. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ತೆಳು ದಾರದಲ್ಲಿ ಕಟ್ಟಿದ ನಾಣ್ಯವನ್ನು ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಬೇಕು. ಆಗ ಕಾಣುವ ಅಂಕಿ ಹಳೆಯ ರೂಪಾಯಿಗೆ ಸುಮಾರು 1.13, ಯುದ್ಧಕಾಲದ್ದಕ್ಕೆ ಸುಮಾರು 1.22 ಗ್ರಾಂ. ಅಂತರ ಇಷ್ಟು ಸಣ್ಣದಾದ್ದರಿಂದ ಗ್ರಾಂನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿಯೇ ಬೇಕು, ನಾಣ್ಯಕ್ಕೆ ಅಂಟಿದ ಗಾಳಿಯ ಗುಳ್ಳೆಗಳನ್ನೂ ಬಿಡಿಸಬೇಕು. ಆಮ್ಲ ಹಚ್ಚಿ ನೋಡುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ: ಅದು ಮೇಲ್ಪದರವನ್ನಷ್ಟೇ ಪರೀಕ್ಷಿಸುತ್ತದೆ, ಉಳಿಸಿಹೋಗುವ ಕಲೆ ಮಾತ್ರ ಶಾಶ್ವತ. 1947ರ ರೂಪಾಯಿಗೆ ಇಷ್ಟೆಲ್ಲ ಬೇಕಿಲ್ಲ. ಅದು ನಿಕ್ಕಲ್‌ನದು, ಅಯಸ್ಕಾಂತಕ್ಕೆ ಅಂಟುತ್ತದೆ.

ಅಸಲಿತನದ ಪ್ರಶ್ನೆಗೆ ಅಂಚನ್ನು ನೋಡಬೇಕು. ಹಳೆಯ ನಾಣ್ಯದ ಅಂಚಿನಲ್ಲಿ ಬರಿಯ ಗೀರುಗಳಿದ್ದರೆ, 1940ರಿಂದ 1945ರವರೆಗಿನ ನಾಣ್ಯಗಳಲ್ಲಿ ಆ ಗೀರುಗಳ ನಡುವೆ ಸುತ್ತಲೂ ಒಂದು ತೋಡು ಹರಿಯುತ್ತದೆ. ಖೋಟಾ ತಯಾರಕರನ್ನು ತಡೆಯಲೆಂದೇ ತಂದ ಈ ಭದ್ರತಾ ಅಂಚು ಅಚ್ಚಿನಲ್ಲಿ ಎರಕ ಹೊಯ್ದ ನಕಲಿನಲ್ಲಿ ಚೊಕ್ಕವಾಗಿ ಮೂಡುವುದಿಲ್ಲ: ಭೂತಗನ್ನಡಿಯಲ್ಲಿ ನೋಡಿದರೆ ತೋಡಿನ ಬದಿಗಳು ಮೊಂಡಾಗಿರುತ್ತವೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಕುಳಿಗಳಿರುತ್ತವೆ, ಕೆಲವೊಮ್ಮೆ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯೂ ಕಾಣುತ್ತದೆ.

1939ರ ರೂಪಾಯಿ ಅಪರೂಪದ್ದಾದ್ದರಿಂದ ಇಸವಿ ತಿದ್ದುವ ವಂಚನೆ ಅದರಲ್ಲೇ ಹೆಚ್ಚು. ಆ ಇಸವಿಯಿದ್ದೂ ಅಂಚಿನಲ್ಲಿ ತೋಡು ಕಂಡರೆ ನಾಣ್ಯವನ್ನು ಅಲ್ಲಿಯೇ ಹಿಂದಿರುಗಿಸಬಹುದು. 1938ರ ನಾಣ್ಯದ ಎಂಟನ್ನು ಒಂಬತ್ತಾಗಿಸಿದ್ದರೆ ಲೋಹವೂ ಅಂಚೂ ಸರಿಯಾಗಿಯೇ ಇರುತ್ತವೆ. ಆಗ ಕೊನೆಯ ಅಂಕಿಯ ಬುಡದಲ್ಲಿ ಉಳಿಯ ಗೀರುಗಳಿವೆಯೇ, ಸುತ್ತಲಿನ ಬಯಲು ಬೇರೆ ಕಡೆಗಿಂತ ತಗ್ಗಾಗಿದೆಯೇ ಎಂದು ಬೆಳಕನ್ನು ಓರೆಯಾಗಿ ಹಾಯಿಸಿ ನೋಡಬೇಕು.