ಯಾವ ಕಥೆಗೆ ಯಾವ ದಾಳ

ಡಿಸೆಂಬರಿನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅಷ್ಟು ದೀರ್ಘ ಸಂಜೆಗಳನ್ನು ಹೇಗೆ ಕಳೆಯುತ್ತೀರಿ ಎಂದು ಊರಿನಿಂದ ಫೋನ್ ಮಾಡುವವರೆಲ್ಲ ಕೇಳುತ್ತಾರೆ. ವಾರಕ್ಕೊಂದು ಸಂಜೆ ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಕಥೆ ಕಟ್ಟುತ್ತೇವೆ ಎಂದರೆ ಅರ್ಧ ಜನ ಇಸ್ಪೀಟು ಎಂದುಕೊಳ್ಳುತ್ತಾರೆ, ಇನ್ನರ್ಧ ಜನ ನಾಟಕ ಎಂದುಕೊಳ್ಳುತ್ತಾರೆ. ಇಲ್ಲಿ ಇದನ್ನು ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ.

ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗುತ್ತಾರೆ, ಮಾತು ಆ ಕ್ಷಣಕ್ಕೆ ಹುಟ್ಟುತ್ತದೆ. ಇಲ್ಲಿಯೂ ಹಾಗೆಯೇ. ಆದರೆ ಪ್ರಸಂಗ ಎಲ್ಲಿ ಮುಗಿಯುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರು ಕಥೆಯ ಲೋಕವನ್ನು ನಡೆಸುತ್ತಾರೆ, ಉಳಿದವರಿಗೆ ಒಂದೊಂದು ಪಾತ್ರ. ಬಂಡೆ ಹತ್ತಿದನೋ ಜಾರಿದನೋ, ದ್ವಾರಪಾಲಕ ನಂಬಿದನೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳುತ್ತದೆ.

ಆ ದಾಳ ಹೇಗೆ ಉರುಳಬೇಕು ಎಂಬುದರಲ್ಲಿಯೇ ಇಡೀ ಆಟದ ಗುಟ್ಟು ಇದೆ. ಕಥೆ ಚೆನ್ನಾಗಿದ್ದರೆ ಯಾವ ನಿಯಮವಾದರೂ ನಡೆಯುತ್ತದೆ ಎನ್ನುವವರು ನಮ್ಮ ಗುಂಪಿನಲ್ಲಿಯೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಿಯಮ ಯಾವುದನ್ನು ಅಳೆಯುತ್ತದೆಯೋ, ಯಾವುದಕ್ಕೆ ಪ್ರತಿಫಲ ಕೊಡುತ್ತದೆಯೋ, ಆಡುವವರ ಮನಸ್ಸು ಅತ್ತಲೇ ವಾಲುತ್ತದೆ.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಹೊರತಂದರು. ಪುಟ್ಟ ಸೈನಿಕರ ಗೊಂಬೆಗಳನ್ನು ಇಟ್ಟು ಆಡುತ್ತಿದ್ದ ಯುದ್ಧದಾಟ ಅದರ ಮೂಲ. ಆ ಹುಟ್ಟುಗುಣ ಇಂದಿಗೂ ಉಳಿದಿದೆ: ಶತ್ರುವನ್ನು ಸೋಲಿಸಿದರೆ ಅನುಭವದ ಅಂಕ, ಅಂಕ ಕೂಡಿದರೆ ಮೇಲಿನ ಹಂತ, ಹೀಗೆ 20ನೆಯ ಹಂತದವರೆಗೆ ಏರಿಕೆ. 2014ರ ಆವೃತ್ತಿಯಲ್ಲಂತೂ ಒಂದು ರಾತ್ರಿ ನೆಮ್ಮದಿಯಾಗಿ ಮಲಗಿ ಎದ್ದರೆ ಕಳೆದುಹೋದ ಪ್ರಾಣಾಂಕವೆಲ್ಲ, ಅಂದರೆ ಪಾತ್ರ ಎಷ್ಟು ಏಟು ತಾಳಬಲ್ಲದು ಎಂಬ ಲೆಕ್ಕವೆಲ್ಲ, ಮರಳಿ ಬರುತ್ತದೆ. ಲೋಕವನ್ನೇ ಉಳಿಸುವ ಮಹಾವೀರರ ಕಥೆಗೆ ಇದು ಹೇಳಿ ಮಾಡಿಸಿದಂತಿದೆ, ಆಡುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಬೆಳಗಾಗುವಷ್ಟರಲ್ಲಿ ಗಾಯ ಮಾಯುತ್ತದೆ ಎಂದು ಗೊತ್ತಿದ್ದವನು ಕಾಡಿನ ಕತ್ತಲೆಗೆ ಹೆದರುವುದಿಲ್ಲ. ಹೆದರಿಕೆಯೇ ಕಥೆಯ ಜೀವವಾಗಿರುವಲ್ಲಿ ಈ ನಿಯಮ ಕೈಕೊಡುತ್ತದೆ.

ಸ್ವೀಡನ್ನಿನವರು ಬೆಳೆದದ್ದು ಬೇರೆಯೇ ಆಟದ ಜೊತೆ. 1982ರಲ್ಲಿ ಬಂದ ‘ಡ್ರಾಕರ್ ಓಕ್ ಡೆಮೋನೆರ್’ ಹೆಸರು ಹೇಳಿದರೆ ಐವತ್ತು ದಾಟಿದವರ ಮುಖವೂ ಅರಳುತ್ತದೆ. ಅದರಲ್ಲಿ ಹಂತಗಳಿಲ್ಲ; ಯಾವ ಕೌಶಲವನ್ನು ಬಳಸುತ್ತೀರೋ ಅದು ಬೆಳೆಯುತ್ತದೆ. ಎಷ್ಟು ನುರಿತವನಾದರೂ ದೇಹ ಮನುಷ್ಯನದೇ, ಒಳ್ಳೆಯ ಏಟು ಬಿದ್ದರೆ ಸಾಯುತ್ತಾನೆ. 2023ರ ಹೊಸ ಆವೃತ್ತಿಯಲ್ಲಿ ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಡ್ರ್ಯಾಗನ್, ಅಂದರೆ ಭರ್ಜರಿ ಗೆಲುವು. 20 ಬಿದ್ದರೆ ಪಿಶಾಚಿ, ಅಂದರೆ ದೊಡ್ಡ ಎಡವಟ್ಟು. ಚುರುಕಾದ ಸಾಹಸಕ್ಕೆ ನಾನು ಮೊದಲು ಕೈಚಾಚುವುದು ಇದಕ್ಕೆ. ಹಾಳುಬಿದ್ದ ನಾಡಿನಲ್ಲಿ ಅಲೆದಾಡುವ ಕಥೆ ಬೇಕಿದ್ದರೆ 2018ರ ‘ಫರ್ಬಿಡನ್ ಲ್ಯಾಂಡ್ಸ್’ ಇದೆ. ಅಲ್ಲಿ ಬುತ್ತಿ, ನೀರು, ಬಾಣ, ಪಂಜು ಒಂದೊಂದಕ್ಕೂ ದಾಳವಿದೆ. ಬಳಸಿದಾಗ 1 ಅಥವಾ 2 ಬಿದ್ದರೆ ದಾಸ್ತಾನು ಕುಗ್ಗುತ್ತದೆ. ಮಳೆಯಲ್ಲಿ ಕೊನೆಯ ಪಂಜು ಉರಿಯುವಾಗ ಹೆದರಲು ಯಾರಿಗೂ ರಾಕ್ಷಸ ಬೇಕಾಗುವುದಿಲ್ಲ.

ನನ್ನ ಮನಸ್ಸು ಪೂರ್ತಿಯಾಗಿ ಗೆದ್ದದ್ದು 2020ರಲ್ಲಿ ಸ್ಟಾಕ್‌ಹೋಮಿನ ಫ್ರಿಯಾ ಲೀಗನ್ ಪ್ರಕಟಿಸಿದ ‘ವೇಸೆನ್’. ಕಾಲ 19ನೆಯ ಶತಮಾನ. ಕಾರ್ಖಾನೆಗಳು ಏಳುತ್ತಿವೆ, ರೈಲು ಬರುತ್ತಿದೆ, ಜನ ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋಗುತ್ತಿದ್ದಾರೆ. ಹೊಲ, ಹಟ್ಟಿ, ಹೊಳೆಗಳಲ್ಲಿ ಮನುಷ್ಯರ ಜೊತೆಯೇ ಬದುಕಿದ್ದ ಅಗೋಚರ ಜೀವಿಗಳಿಗೆ ಈಗ ಯಾರೂ ಪಾಲು ಇಡುವುದಿಲ್ಲ. ಕೊಟ್ಟಿಗೆ ಕಾಯುವ ತೊಮ್ತೆಗೆ ಕ್ರಿಸ್‌ಮಸ್ ರಾತ್ರಿ ಬೆಣ್ಣೆ ಹಾಕಿದ ಗಂಜಿ ಇಡುವುದು ಇಲ್ಲಿಯ ಹಳೆಯ ಪದ್ಧತಿ. ಅದು ತಪ್ಪಿದರೆ ಅವನು ಮುನಿಯುತ್ತಾನೆ. ಹೊಳೆಯಲ್ಲಿ ಪಿಟೀಲು ನುಡಿಸಿ ಜನರನ್ನು ನೀರಿಗೆ ಸೆಳೆಯುವ ನೆಕೆನ್ ಇದ್ದಾನೆ. ಬ್ಯಾಪ್ಟಿಸಂ ಇಲ್ಲದೆ ಸತ್ತ ಶಿಶುವಿನ ಪ್ರೇತ ಮಣ್ಣಿಗಾಗಿ ಅಳುತ್ತಾ ಅಲೆಯುತ್ತದೆ. ಆಡುವವರ ಪಾತ್ರಗಳು ಉಪ್ಸಾಲಾ ಪಟ್ಟಣದ ಒಂದು ಹಳೆಯ ಕೋಟೆಮನೆಯಿಂದ ಹೊರಟು ಇಂಥ ಊರುಗಳಿಗೆ ಹೋಗುತ್ತವೆ.

ಇಲ್ಲಿ ನಿಯಮಕ್ಕೂ ಕಥೆಗೂ ನಡುವೆ ಕೂದಲೆಳೆಯಷ್ಟೂ ಬಿರುಕಿಲ್ಲ. ಆರು ಮುಖದ ದಾಳಗಳನ್ನು ಹಿಡಿಯಷ್ಟು ಎಸೆಯುತ್ತೀರಿ, ಒಂದಾದರೂ 6 ಬಿದ್ದರೆ ಕೆಲಸ ಆಯಿತು. ಬೀಳದಿದ್ದರೆ ಮತ್ತೊಮ್ಮೆ ಎಸೆಯಬಹುದು, ಆದರೆ ಬೆಲೆ ತೆರಬೇಕು: ದಣಿವು, ಗಾಯ, ಸಿಟ್ಟು, ಭಯ, ಹತಾಶೆ ಮುಂತಾದವುಗಳಲ್ಲಿ ಒಂದನ್ನು ಪಾತ್ರದ ಮೇಲೆ ಹೊರಿಸಿಕೊಳ್ಳಬೇಕು. ಪ್ರಾಣಾಂಕ ಎಂಬುದೇ ಇಲ್ಲ. ಮುಖ್ಯವಾಗಿ, ಕತ್ತಿಯಿಂದಲೋ ಬಂದೂಕಿನಿಂದಲೋ ಆ ಜೀವಿಯನ್ನು ಮುಗಿಸಿಬಿಡಲಾಗದು. ಹೊಡೆದರೆ ಸ್ವಲ್ಪ ಹೊತ್ತು ಹಿಂದೆ ಸರಿಯಬಹುದು, ಅಷ್ಟೆ. ಊರಿನ ಮುದುಕಿಯರ ಬಳಿ ಕುಳಿತು, ಚರ್ಚಿನ ದಾಖಲೆ ತೆಗೆದು, ಯಾರು ಯಾರಿಗೆ ಅನ್ಯಾಯ ಮಾಡಿದರು ಎಂದು ತಿಳಿದು, ಅದಕ್ಕೆ ತಕ್ಕ ಶಾಂತಿ ಮಾಡಿಸಬೇಕು. ಶತ್ರುವಿನ ನೋವನ್ನು ಕೇಳಿಸಿಕೊಳ್ಳದೆ ಕಥೆ ಮುಗಿಯದಂತೆ ನಿಯಮವನ್ನೇ ಕಟ್ಟಿದ ಈ ಆಟದ ಬಗ್ಗೆ ನನಗೆ ಅಪಾರ ಗೌರವವಿದೆ.

ಒಂದು ಸಂಜೆ ಗುಂಪಿನ ಹಿರಿಯರೊಬ್ಬರು, ನಿವೃತ್ತ ಶಿಕ್ಷಕಿ, ಹಿಂದೆ ತೊಟ್ಟಿಲಲ್ಲಿ ಕತ್ತರಿಯನ್ನೋ ಉಕ್ಕಿನ ತುಂಡನ್ನೋ ಇಡುತ್ತಿದ್ದ ವಿಷಯ ಹೇಳಿದರು. ಹಾಗೆ ಇಟ್ಟರೆ ಟ್ರೋಲ್ ಎಂಬ ಜಾನಪದದ ಜೀವಿಗಳು ಮಗುವನ್ನು ಕದ್ದು ತಮ್ಮ ಮಗುವನ್ನು ಅಲ್ಲಿ ಇಡುವುದಿಲ್ಲ ಎಂದು ಜನ ನಂಬಿದ್ದರಂತೆ. ನಮ್ಮಲ್ಲಿ ಬಾಣಂತಿಯ ಹಾಸಿಗೆಯ ಕೆಳಗೆ ಕಬ್ಬಿಣ ಇಡುವುದನ್ನು ನಾನು ಹೇಳಿದೆ. ಕಚೇರಿಯಲ್ಲಾದರೆ ವರ್ಷಗಟ್ಟಲೆ ಹವಾಮಾನದ ಆಚೆಗೆ ದಾಟದ ಮಾತು ಅಂದು ಅವರ ಅಜ್ಜಿಯಿಂದ ನನ್ನ ಅಜ್ಜಿಯವರೆಗೆ ಹರಿಯಿತು. ಪರದೇಶದಲ್ಲಿ ಸ್ನೇಹ ಹೀಗೂ ಸಿಗುತ್ತದೆ.

ನಮ್ಮ ಕಥೆಗಳನ್ನು ಈ ಮೇಜಿಗೆ ತರಬೇಕು ಎಂದು ಅಂದೇ ತೀರ್ಮಾನಿಸಿದೆ. ಎಲ್ಲ ಕಥೆಯೂ ಒಂದೇ ನಿಯಮಕ್ಕೆ ಒಗ್ಗುವುದಿಲ್ಲ. ಮಹಾಭಾರತಕ್ಕೆ ನಾನು ಆರಿಸುವುದು ಗ್ರೆಗ್ ಸ್ಟ್ಯಾಫರ್ಡ್ 1985ರಲ್ಲಿ ಆರ್ಥರ್ ರಾಜನ ವೀರರಿಗಾಗಿ ರಚಿಸಿದ ‘ಪೆಂಡ್ರಾಗನ್’. ಅದರಲ್ಲಿ ಔದಾರ್ಯ–ಸ್ವಾರ್ಥ, ಕರುಣೆ–ಕ್ರೌರ್ಯ ಮುಂತಾದ ಗುಣಗಳು ಜೋಡಿ ಜೋಡಿಯಾಗಿವೆ, ಪ್ರತಿ ಜೋಡಿಯ ಮೊತ್ತ 20. ಒಡೆಯನ ಮೇಲಿನ ನಿಷ್ಠೆಗೂ ಕುಟುಂಬದ ಪ್ರೀತಿಗೂ ಬೇರೆ ಬೇರೆ ಅಂಕಗಳಿವೆ. ಗುಣ ಅತಿಯಾಗಿ ಬೆಳೆದಿದ್ದರೆ ಆಡುವವನ ಇಷ್ಟವನ್ನೂ ಮೀರಿ ಅದೇ ಪಾತ್ರವನ್ನು ನಡೆಸುತ್ತದೆ. ಕವಚ ಕೇಳಲು ಇಂದ್ರ ಬಂದಾಗ ಕರ್ಣನನ್ನು ಆಡುವವನಿಗೆ ಕೊಡಲು ಮನಸ್ಸಿಲ್ಲದಿರಬಹುದು. ಔದಾರ್ಯ 19 ಇದ್ದರೆ ದಾಳವೇ ಕೊಡಿಸುತ್ತದೆ. ಕುಂತಿ ಎದುರು ನಿಂತಾಗ ನಿಷ್ಠೆಯೂ ಪ್ರೀತಿಯೂ ಪರಸ್ಪರ ಎದುರಾಗುತ್ತವೆ. ಕರ್ಣನನ್ನು ಬರಿಯ ಬಿಲ್ಲುಗಾರನಾಗಿ ಅಳೆಯುವ ನಿಯಮದಲ್ಲಿ ಈ ಸಂಕಟಕ್ಕೆ ಜಾಗವೇ ಇಲ್ಲ.

ವೇಸೆನ್ ನಿಯಮಕ್ಕೆ ನಾನು ಬರೆಯುತ್ತಿರುವುದು ‘ನಾಳೆ ಬಾ’ ಕಥೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಬಾಗಿಲ ಮೇಲೆ ಈ ಎರಡು ಪದ ಬರೆದದ್ದನ್ನು ಕಂಡವರು ಅನೇಕರಿದ್ದೀರಿ. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಕರೆಯುವವಳು ಅದನ್ನು ಓದಿ ಹಿಂದಿರುಗುತ್ತಾಳೆ, ಮರುದಿನ ಮತ್ತೆ ಬರುತ್ತಾಳೆ. ಆ ಬರಹದಿಂದ ಅವಳ ಬರವು ಒಂದು ದಿನ ಮುಂದೆ ಹೋಗುತ್ತದೆ, ಅಷ್ಟೆ. ಅವಳ ಅಳಲು ಹಾಗೆಯೇ ಉಳಿಯುತ್ತದೆ. ಹಾಗಾದರೆ ಶಾಂತಿ ಯಾವುದರಿಂದ? ಅವಳು ಗಂಡನನ್ನು ಹುಡುಕುವ ಮದುಮಗಳು ಎಂಬ ಪಾಠವನ್ನು ಹಿಡಿದು ನಾನು ಹೊರಟಿದ್ದೇನೆ. 1970ರ ದಶಕದಿಂದ ಇಲ್ಲಿ ಈಸ್ಟರ್ ರಜೆಯಲ್ಲಿ ನಡೆಯುವ ಗೋಥ್‌ಕಾನ್ ಆಟದ ಮೇಳದಲ್ಲಿ ಇದನ್ನು ಆಡಿಸಬೇಕೆಂದಿದ್ದೇನೆ. ನಿಮ್ಮ ಬೀದಿಯಲ್ಲಿ ಅವಳು ಯಾರಾಗಿದ್ದಳು, ಯಾರ ದನಿಯಲ್ಲಿ ಕರೆಯುತ್ತಿದ್ದಳು, ಬರೆದದ್ದು ಸುಣ್ಣದಲ್ಲೋ ಇದ್ದಿಲಿನಲ್ಲೋ ಎಂದು ನೆನಪಿದ್ದವರು ದಯವಿಟ್ಟು ತಿಳಿಸಿ. ಆ ವಿವರಗಳಿಲ್ಲದೆ ಈ ಕಥೆಯನ್ನು ಸ್ವೀಡನ್ನಿನವರ ಮುಂದೆ ಇಡಲು ನನಗೆ ಮನಸ್ಸಿಲ್ಲ.